ಮೋರಿಯಿಂದ ಮೂರನೇ ಮಡಿಗೆ

"ಬೋಳಿಮಗನೆ, ಇದೇನು ಹುಳಾನೋ ದಾರಾನೋ? ದಪ್ಪ ಇರೋದು ತಾ ಅಂದ್ರೆ ನಿನ್ನ ತಮ್ಮಂದಿರನ್ನೇ ಹುಡುಕಿ ತಂದಿದೀಯಲ್ಲೋ!"

ಯಜಮಾನ ಬಕೆಟ್ಟನ್ನು ಬೂಟಿನಿಂದ ತಳ್ಳಿದ. ಔಷಧಿ ಹೊಡೆಯುವ ಆಳು ಹಲ್ಲು ಕಿರಿದ. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಎರೆಹುಳ ಎಂದೇ. ಉದ್ದಕ್ಕೆ, ಸಣ್ಣಗೆ, ಕಂದು ಬಣ್ಣಕ್ಕೆ ಇದ್ದವನಿಗೆ ಆ ಹೆಸರಿಟ್ಟವರ ಕಣ್ಣು ಚೆನ್ನಾಗಿಯೇ ಇದೆ ಎಂದು ಅವನಿಗೂ ಅನ್ನಿಸಿತ್ತು. ಬೆನ್ನುಮೂಳೆಯ ವಿಷಯದಲ್ಲಂತೂ ಹೋಲಿಕೆಗೆ ಕುಂದೇ ಇರಲಿಲ್ಲ.

"ಹತ್ತು ಗಂಟೆಗೆ ಸಾವಯವ ಸರ್ಟಿಫಿಕೇಟಿನ ತಪಾಸಣೆ ಸಾಹೇಬ್ರು ಬರ್ತಾರೆ. ಅಷ್ಟರೊಳಗೆ ಮೂರನೇ ಮಡೀಲಿ ಐವತ್ತು ಹುಳ ಬಿಟ್ಟಿರಬೇಕು. ಅಗಿ ಅಂದಾಗ ಅಲ್ಲೇ ಅಗೀಬೇಕು. ತಿಳೀತಾ?"

"ತಿಳೀತು ಯಜಮಾನ್ರೆ."

"ಬೇರೆ ಕಡೆ ಗುದ್ದಲಿ ಹಾಕಿದ್ಯೋ, ನಿನ್ನನ್ನೇ ಹೂತು ತೋರಿಸ್ತೀನಿ."

ಇಪ್ಪತ್ತನಾಲ್ಕು ಮಡಿಗಳ ಪ್ಲಾಸ್ಟಿಕ್ ಮನೆ ಅದು. ಒಳಗೆಲ್ಲ ಸೌತೆ ಬಳ್ಳಿ. ಗೇಟಿನ ಮೇಲೆ 'ವಿಷವಿಲ್ಲದ ಬೆಳೆ, ಜೀವವಿರುವ ಮಣ್ಣು' ಎಂಬ ಬೋರ್ಡು. ಬೆಳೆಯೇನೋ ಇತ್ತು. ಮಣ್ಣಿನ ಜೀವ ಮಾತ್ರ ಈಗ ಆಳುಗಳ ರೂಮುಗಳ ಹಿಂದೆ, ಬಚ್ಚಲ ನೀರು ಹರಿಯುವ ಮೋರಿಯ ಪಕ್ಕದಲ್ಲಿ ವಾಸವಾಗಿತ್ತು.

ತಪ್ಪು ಎರೆಹುಳನದೇ. ಎಲೆಗಳಿಗೆ ಬೂದಿ ರೋಗ ಬಂದಾಗ ಹುಳಿ ಮಜ್ಜಿಗೆಗೆ ಹತ್ತು ಪಾಲು ನೀರು ಬೆರೆಸಿ, ಬೆಳಗಿನ ಬಿಸಿಲಿಗೆ, ಎಲೆಯ ಮೇಲೂ ಕೆಳಗೂ ಹೊಡೆಯುವುದನ್ನು ಕಲಿಸಿದವನೇ ಅವನು. ಎಲೆ ತಿರುವಿ ತಿರುವಿ ಹೊಡೆಯಲು ನಾಲ್ಕು ಜನ ಬೇಕು. ಅವನು, ಅವನ ಹೆಂಡತಿ, ಇನ್ನಿಬ್ಬರು ಹೆಂಗಸರು ಆ ಕೆಲಸದಲ್ಲಿದ್ದರು. ಒಮ್ಮೆ ಮೋಡ ಮುಸುಕಿದ ವಾರದಲ್ಲಿ ಮಜ್ಜಿಗೆಗೆ ಬಗ್ಗದ ಇನ್ನೊಂದು ರೋಗ, ಎಲೆಕೊಳೆ, ಬಂತು. ಆಗ ಅವನು ಬುದ್ಧಿವಂತನಂತೆ ಬಾಯಿಬಿಟ್ಟ. "ಮೈಲುತುತ್ತ, ಸುಣ್ಣ ತೆಳ್ಳಗೆ ಬೆರೆಸಿ ಒಂದೇ ಸಲ ಹೊಡೆಯೋಣ ಯಜಮಾನ್ರೆ. ಎಲೆಗೆ ಮಾತ್ರ. ನೆಲಕ್ಕೆ ಗೋಣಿ ಹಾಸಿ. ಮಣ್ಣಿಗಿಳಿದ್ರೆ ಹುಳ ಉಳಿಯಲ್ಲ."

ಯಜಮಾನ ಮೊದಲಿನ ಅರ್ಧ ಕೇಳಿಸಿಕೊಂಡ. ಮೈಲುತುತ್ತವೂ ನೈಸರ್ಗಿಕವೇ, ಸಾವಯವದವರ ಒಪ್ಪಿಗೆಯ ಪಟ್ಟಿಯಲ್ಲಿದೆ ಎಂದು ಖಚಿತ ಮಾಡಿಕೊಂಡ. ಆಮೇಲೆ ವಾರಕ್ಕೊಮ್ಮೆ, ಬುಡಕ್ಕೇ ಸುರಿಸಿದ. ಸುರಿಯಲು ಒಬ್ಬ ಆಳು ಸಾಕು. ಮೂವರು ಹೆಂಗಸರು ಹೊರಬಿದ್ದರು. ಎರೆಹುಳನಿಗೆ ಬಡ್ತಿ ಸಿಕ್ಕಿತು: ಹಿರಿಯ ಔಷಧಿ ಆಳು. ಕಿರಿಯರು ಯಾರೂ ಇರಲಿಲ್ಲ.

ದಪ್ಪ ಹುಳಕ್ಕಾಗಿ ಅವನು ಮೋರಿಗೆ ಮರಳಿದಾಗ ಹೆಂಡತಿ ಪಾತ್ರೆ ತಿಕ್ಕುತ್ತಿದ್ದಳು.

"ಅಂತೂ ಹುಳಕ್ಕೆ ಒಳಗೆ ಕೆಲಸ ಸಿಕ್ತು ಅನ್ನು. ನಾನೂ ಬಕೆಟ್ಟಲ್ಲಿ ಕೂತ್ಕೊಳ್ಳಲಾ?"

"ಸುಮ್ನಿರೇ. ಮೊದಲೇ ತಲೆ ಕೆಟ್ಟಿದೆ."

"ಕೆಡೋಕೆ ಇರಬೇಕಲ್ಲ. ನಿಜ ಹೇಳಿಬಿಡು ಆ ಸಾಹೇಬ್ರಿಗೆ. ತುತ್ತ ನಿಂತ್ರೆ ಮಜ್ಜಿಗೆ ಹೊಡೆಯೋಕೆ ನಮ್ಮನ್ನೇ ಕರೀಬೇಕು ತಾನೇ?"

"ಹೇಳಿದ್ರೆ ಇರೋ ರೂಮೂ ಹೋಗತ್ತೆ ಕಣೇ."

"ಹಾಗಾದ್ರೆ ಅಗಿ ರಾಜ, ಅಗಿ," ಎಂದು ಅವಳು ಪಾತ್ರೆಯ ನೀರನ್ನು ಅವನ ಕಾಲ ಬಳಿಯೇ ಚೆಲ್ಲಿದಳು.

ಎಂಟೂವರೆಗೆ ಐವತ್ತು ಹುಳ ಮೂರನೇ ಮಡಿ ಸೇರಿದವು.

ಸಾಹೇಬರು ಬಿಳಿ ಅಂಗಿಯ, ನಿಧಾನ ಮಾತಿನ ಮನುಷ್ಯ. ಯಜಮಾನ ಹೇಳಿದಲ್ಲಿಯೇ ಎರೆಹುಳ ಅಗೆದ. ಸಾಹೇಬರು ಬಗ್ಗಿ ಎಣಿಸಿ, 'ಹನ್ನೊಂದು' ಎಂದು ಬರೆದುಕೊಂಡರು. ಯಜಮಾನ ಉಬ್ಬಿಹೋದ.

"ಸಾರ್, ಈ ಮಣ್ಣನ್ನ ತಿನ್ನಬಹುದು. ಲೋ, ತಿಂದು ತೋರಿಸೋ."

ಎರೆಹುಳ ಸುತ್ತ ನೋಡಿದ. ತಿನ್ನಬೇಕಾದ ಬೇರೆ ಯಾರೂ ಕಾಣಲಿಲ್ಲ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಹಳೇ ತಾಮ್ರದ ನಾಣ್ಯ ಚೀಪಿದಂಥ ಒಗರು.

"ಚಿಟಿಕೆ ಏನೋ, ಹೆಂಗಸರ ಥರ? ಹಿಡಿ ತಗೊಳ್ಳೋ!"

ಹಿಡಿ ತಗೊಂಡ. ಹನ್ನೆರಡು ವರ್ಷ ಬೈಗುಳ ನುಂಗಿದ ಗಂಟಲು ಅದು. ಮಣ್ಣು ಯಾವ ಲೆಕ್ಕ.

"ಹೇಗಿದೆ?"

"ಚೆನ್ನಾಗಿದೆ ಯಜಮಾನ್ರೆ."

ಯಜಮಾನ ನಕ್ಕ. ಸಾಹೇಬರು ನಗಲಿಲ್ಲ. ಅವರು ಕೆಳಗೆ ನೋಡುತ್ತಿದ್ದರು. ಅಗೆಯದ ಜಾಗದಲ್ಲಿ ಒಂದು ಹುಳ ತಲೆ ಹೊರಗಿಟ್ಟಿತ್ತು. ಅದರ ಹಿಂದೆ ಇನ್ನೊಂದು. ಆಮೇಲೆ ಮಡಿಯ ಉದ್ದಕ್ಕೂ ಹುಳಗಳು ಮೇಲೆದ್ದವು. ಅಂಚಿನ ಹಲಗೆ ಹತ್ತಿ, ದಾರಿಯ ಮೇಲೆ ಬಿದ್ದು, ಮೈ ಸುಟ್ಟುಕೊಂಡವರಂತೆ ಹೊರಳತೊಡಗಿದವು.

"ಇದೇನ್ರೀ, ಎಲ್ಲಾ ಹೊರಗೆ ಬರ್ತಿವೆ?"

"ತಮ್ಮನ್ನ ನೋಡೋಕೆ ಸಾರ್," ಎಂದ ಯಜಮಾನ, ಎರೆಹುಳನ ಪಕ್ಕೆ ತಿವಿದು ಪಿಸುಗುಟ್ಟಿದ. "ಒಳಗೆ ತುರುಕೋ ಮುಂಡೇದೆ!"

ಅಭ್ಯಾಸಬಲ. ಅವನು ಮಂಡಿಯೂರಿಯೇಬಿಟ್ಟ. ಒಂದನ್ನು ಹಿಡಿದು ಮಣ್ಣಿಗೆ ತುರುಕಿದ. ಅದು ಹೊರಬಂತು. ಮತ್ತೆ ತುರುಕಿದ. ಮತ್ತೆ ಬಂತು. ಕಣ್ಣಿಲ್ಲದ, ಕಿವಿಯಿಲ್ಲದ ಪ್ರಾಣಿ. ಇಲ್ಲಿ ಇರಲಾರೆ ಎನ್ನಲು ಅದಕ್ಕೆ ಒಂದೂವರೆ ಗಂಟೆ ಸಾಕಾಗಿತ್ತು. ತನ್ನನ್ನು ಅದರೊಂದಿಗೆ ಹೋಲಿಸಿದವರು ಹುಳಕ್ಕೆ ಅವಮಾನ ಮಾಡಿದ್ದಾರೆ ಎನಿಸಿತು ಅವನಿಗೆ.

ಬಾಯಲ್ಲಿ ಉಳಿದಿದ್ದ ಮಣ್ಣನ್ನು ಉಗಿದು ಎದ್ದುನಿಂತ.

"ಇವು ಇಲ್ಲಿಯವಲ್ಲ ಸಾರ್. ನಮ್ಮ ಬಚ್ಚಲ ಮೋರಿಯವು. ಬೆಳಿಗ್ಗೆ ನಾನೇ ತಂದು ಬಿಟ್ಟೆ. ತುತ್ತ ಸುರಿದವನೂ ನಾನೇ."

"ಕುಡಿದಿದಾನೆ ಸಾರ್ ಇವನು!"

ಎರೆಹುಳ ಗುದ್ದಲಿ ಎತ್ತಿ ನಾಲ್ಕನೇ ಮಡಿಗೆ ಹಾಕಿದ. ಮಣ್ಣು ಇಟ್ಟಿಗೆಯಂತೆ ಹೆಂಟೆಯಾಗಿ ಎದ್ದಿತು. ಒಡೆದು ತೋರಿಸಿದ. ಅಂಚಿನಲ್ಲಿ ನೀಲಿ ಕಲೆ. ಮತ್ತೇನೂ ಇಲ್ಲ.

"ಗುದ್ದಲಿ ಇಡೋ ಸೂಳೆಮಗನೆ! ಸಂಜೆಯೊಳಗೆ ರೂಮು ಖಾಲಿ ಮಾಡು!"

"ಮಾಡ್ತೀನಿ ಯಜಮಾನ್ರೆ. ಕೈಲಿರೋ ಕೆಲಸ ಮುಗೀಲಿ."

ಐದನೇ ಮಡಿಗೆ ಹೋದ. ಯಜಮಾನ ಹಿಂದಿನಿಂದ ಅಂಗಿ ಹಿಡಿದೆಳೆದ. ಅಂಗಿ ಹರಿದು ಯಜಮಾನನ ಕೈಯಲ್ಲೇ ಉಳಿಯಿತು. ಹೇಳಿದ್ದಕ್ಕಿಂತ ಹೆಚ್ಚು ಕೆಲಸವನ್ನು ಎರೆಹುಳ ಮಾಡುತ್ತಿದ್ದದ್ದು ಹುಟ್ಟಿದ ಮೇಲೆ ಇದೇ ಮೊದಲು.

"ಬರ್ಕೊಳ್ಳಿ ಸಾರ್. ನಾಲ್ಕು, ಸೊನ್ನೆ. ಐದು, ಸೊನ್ನೆ."

ಸಾಹೇಬರು ಪೆನ್ನಿನ ಮುಚ್ಚಳವನ್ನು ತೆಗೆಯುತ್ತ, ಹಾಕುತ್ತ ಅಲ್ಲೇ ನಿಂತಿದ್ದರು. ಎರೆಹುಳ ಬರಿ ಮೈಯಲ್ಲಿ ಆರನೇ ಮಡಿಗೆ ಗುದ್ದಲಿ ಎತ್ತಿದ.