ಸಾಸೇಜ್ ಅಂಗಡಿಯ ಪಾಳಿ

ಹದಿನಾರು ವರ್ಷ ಮಹಿಳಾ ತಂಡದ ಗೋಲು ಕಾಯ್ದ ತೂವಾಳ ಬೀಳ್ಕೊಡುಗೆಗೆ ಉತ್ತರ ಸ್ವೀಡನ್ನಿನ ಆ ಪುಟ್ಟ ಊರಿನ ಫುಟ್ಬಾಲ್ ಕ್ಲಬ್ಬು ಕಾಫಿ, ಕೇಕು ತರಿಸಿತ್ತು. ಚಳಿಗಾಲದಲ್ಲಿ ಬೆಚ್ಚನೆಯ ಒಳಾಂಗಣ ಮೈದಾನ ಗಂಡಸರ ತಂಡಕ್ಕೇ ಮೀಸಲು. ಅವಳು ಹೊರಗಿನ ಹೆಪ್ಪುಗಟ್ಟಿದ ಜಲ್ಲಿ ಮೈದಾನದ ಮೇಲೆ ಬಿದ್ದು ಬಿದ್ದು ಎರಡೂ ಮೊಣಕಾಲು ಹಾಳುಮಾಡಿಕೊಂಡಿದ್ದಳು.

ಅಧ್ಯಕ್ಷ ಹೋಲ್ಗೆರ್ ಹೂಗುಚ್ಛ ಕೊಟ್ಟ. "ನಿನ್ನಂಥ ಗೋಲ್‌ಕೀಪರ್ ಇನ್ನು ಸಿಗಲ್ಲ ಕಣೇ. ಅಂದಹಾಗೆ, ಇನ್ಮೇಲೆ ನಿಂಗೆ ಬಿಡುವಲ್ವಾ? ಭಾನುವಾರ ಗಂಡಸರ ಮ್ಯಾಚಿಗೆ ಮೈದಾನದ ಪಕ್ಕದ ನಮ್ಮ ಸಾಸೇಜ್ ಅಂಗಡೀಲಿ ನಿಂತ್ಕೋ. ಪಾಳಿ ಪಟ್ಟೀಲಿ ಹೆಸರು ಹಾಕಿದೀನಿ."

ತೂವಾಳಿಗೆ ಮೈಯೆಲ್ಲ ಉರಿದುಹೋಯಿತು. "ನನ್ನ ಒಂದಾದ್ರೂ ಮ್ಯಾಚ್ ನೋಡಿದೀಯೇನೋ?"

"ಬರ್ಬೇಕು ಅಂತಾನೇ ಇದ್ದೆ..."

ಗೋಡೆಗೆ ಅಂಟಿಸಿದ್ದ ಆ ಪಾಳಿ ಪಟ್ಟಿಯಲ್ಲಿ ತನ್ನ ಹೆಸರು ಹೊಡೆದುಹಾಕಿ, ಶನಿವಾರದ ಮಹಿಳೆಯರ ಮ್ಯಾಚಿನ ಮುಂದೆ ಅವಳು ಅವನ ಹೆಸರು ಬರೆದಳು.

"ಅಂಗಡಿ ಕಿಟಕಿಯಿಂದ ಗೋಲು ನೇರ ಕಾಣುತ್ತೆ. ಸಾಸೇಜ್ ಸುಡ್ತಾ ನೋಡು."