ಅಪ್ಪ ಹಿಂಜಿದ ಅರಳೆ

ತಕ್ಕಡಿಯ ತಟ್ಟೆಯಲ್ಲಿ ಮಲಗಿಸಿದ ಕೂಡಲೇ ಕೂಸು ಇನ್ನೂ ಜೋರಾಗಿ ಚೀರಿತು. ಅಂಗೈಯಗಲದ ಎದೆಯಲ್ಲಿ ಅಷ್ಟು ದೊಡ್ಡ ದನಿ ಎಲ್ಲಿ ಅಡಗಿತ್ತೋ ಏನೋ. ದವಾಖಾನೆಯ ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ಕತ್ತು ಉದ್ದ ಮಾಡಿ ಒಳಗೆ ಇಣುಕಿದರು. ಕೂಸಿನ ಅಜ್ಜಿ ಸುಗರಾಬಿ ಬಾಗಿಲ ಪರದೆಯನ್ನು ಸರ್ರನೆ ಎಳೆದು, "ನೋಡಾಕ ಇಲ್ಲೇನ ಸಿನಿಮಾ ನಡದೈತಿ?" ಎಂದು ಗೊಣಗಿದಳು.

"ಹುಟ್ಟಿದಾಗಿನಕಿಂತ ತೂಕ ಇಳದದ," ಎಂದರು ಡಾಕ್ಟರಬಾಯಿ. ಕೂಸಿನ ಹೊಟ್ಟೆ ಮುಟ್ಟಿ ನೋಡಿದರು, ಕಿವಿ ನೋಡಿದರು, ಬಾಯಿ ತೆಗೆಸಿ ನಾಲಿಗೆ ನೋಡಿದರು. "ರೋಗ ಅಂತ ಏನೂ ಇಲ್ಲ. ಅತ್ತು ಅತ್ತು ದಣೀತದ, ದಣಿದು ಹಾಲು ಬಿಡ್ತದ, ಹಸಿವಿಗೆ ಮತ್ತ ಅಳತದ. ಇನ್ನೆರಡು ದಿನ ನೋಡೂಣು. ಕುಡೀಲಿಲ್ಲಂದ್ರ ಸೊಲ್ಲಾಪುರದ ದೊಡ್ಡ ದವಾಖಾನಿಗೆ ಒಯ್ಯಬೇಕಾಗತದ. ಮೂಗಿನಾಗ ನಳಿ ಹಾಕಿ ಹಾಲು ಕೊಡತಾರ."

ಮೂಗಿನಲ್ಲಿ ನಳಿ ಎಂಬ ಮಾತು ಕೇಳಿ ಸುಗರಾಬಿ ತನ್ನ ಮೂಗನ್ನೇ ಮುಟ್ಟಿಕೊಂಡಳು. ಮಗಳು ಆಶಾಬಿಯಂತೂ ಕುರ್ಚಿಯ ಮೇಲೆ ಕೂತಲ್ಲೇ ಕಣ್ಣೀರು ಹಾಕುತ್ತಿದ್ದಳು. ಚೊಚ್ಚಲ ಹೆರಿಗೆಗೆಂದು ತಿಕೋಟಾದ ಗಂಡನ ಮನೆಯಿಂದ ಬಬಲೇಶ್ವರದ ತವರಿಗೆ ಬಂದವಳು. ಹೆಣ್ಣು ಕೂಸು ಹುಟ್ಟಿ ಮೂರು ವಾರವಾಗಿತ್ತು. ಆ ಮೂರು ವಾರದಲ್ಲಿ ಸುಗರಾಬಿ ಮಾಡದ ಉಪಾಯವಿಲ್ಲ. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು, ಅಜವಾನದ ನೀರು ಕುಡಿಸಿದಳು, ದರ್ಗಾದಿಂದ ತಾಯಿತ ತಂದು ಕಟ್ಟಿದಳು. ನಲವತ್ತು ದಿನ ತುಂಬದ ಬಾಣಂತಿಯನ್ನು ಹೊಸ್ತಿಲು ದಾಟಿಸಬೇಡ ಎಂದು ಎಣ್ಣೆ ತಿಕ್ಕಲು ಬರುವ ಗುರುಸಿದ್ದವ್ವ ಬಾಯಿ ಬಡಿದುಕೊಂಡರೂ ಕೇಳದೆ, ಮಗಳ ತಲೆಗೆ ಅರಿವೆ ಬಿಗಿದು ಬೆಳಗಿನ ಬಸ್ಸಿಗೆ ವಿಜಾಪುರಕ್ಕೆ ಕರೆತಂದಿದ್ದಳು.

ಡಾಕ್ಟರಬಾಯಿ ಕೂಸನ್ನು ಎತ್ತಿ ಆಶಾಬಿಯ ಎಡಗಡೆ ಎದೆಗೆ ಒರಗಿಸಿದರು. "ಹಿಂಗ ಹಿಡಕೋವಾ. ಎದಿ ಬಡತ ಕೇಳಬೇಕು ಅದಕ್ಕ. ಹೊಟ್ಯಾಗ ಇದ್ದಾಗನ ಕೂಸಿಗೆ ಕಿವಿ ಕೇಳಸತಾವ. ಆರು ಏಳು ತಿಂಗಳ ಆತಂದ್ರ ಹೊರಗಿನ ಸದ್ದಿಗೂ ಬೆಚ್ಚತದ, ಒದೀತದ. ಪರದೇಶದಾಗ ಒಂದು ದವಾಖಾನ್ಯಾಗ ಎದಿ ಬಡತದ ಸದ್ದನ್ನ ಟೇಪಿನ್ಯಾಗ ಹಿಡದು ಹಸಗೂಸುಗಳಿಗೆ ಕೇಳಿಸ್ಯಾರ. ಅವು ಕಡಿಮಿ ಅತ್ತಾವ, ತೂಕಾನೂ ಏರ್ಯಾವ."

"ಒಳಗಿದ್ದಾಗ ಕೇಳಿದ್ದು ಹೊರಗ ಬಂದ ಮ್ಯಾಲೂ ನೆನಪಿರತೈತೇನ್ರಿ?" ಸುಗರಾಬಿ ನಂಬಲಿಲ್ಲ.

"ಎಷ್ಟು ನೆನಪಿರತದ, ಅದು ಮನಸೋ ಬರೇ ಮೈಯೋ ಅಂತ ದೊಡ್ಡ ದೊಡ್ಡವರು ಇನ್ನೂ ಜಗಳಾಡಾಕತ್ತಾರ. ನನಗೂ ಪೂರಾ ಗೊತ್ತಿಲ್ಲ. ಆದ್ರ ಗೊತ್ತಿದ್ದ ಸದ್ದು ಕೇಳಿದ್ರ ಕೂಸಿಗೆ ಧೈರ್ಯ ಬರತದ ಅಂತ ನನಗ ಅನಸ್ತದ. ಬಸರಿದ್ದಾಗ ಮನ್ಯಾಗ ದಿನಾ ಯಾವ ಸದ್ದು ಇರತಿತ್ತವಾ?"

ಡಾಕ್ಟರಬಾಯಿ ಕೇಳಿದ್ದು ಆಶಾಬಿಯನ್ನು. ಉತ್ತರ ಕೊಟ್ಟವಳು ಸುಗರಾಬಿ. "ಕುರಾನ ಓದತಿದ್ಳರಿ. ಬ್ಯಾರೆ ಏನ ಸದ್ದು? ಮರ್ಯಾದಸ್ಥರ ಮನಿ."

ಆಶಾಬಿ ತಲೆ ಬಗ್ಗಿಸಿದವಳು ಮೇಲೆತ್ತಲೇ ಇಲ್ಲ. ಬಸ್ಸು ಊರು ದಾಟಿ ಕರಿಮಣ್ಣಿನ ಹೊಲಗಳ ನಡುವೆ ಬಂದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದಳು, "ಡಾಕ್ಟರಬಾಯಿಗೆ ಯಾಕ ಸುಳ್ಳ ಹೇಳಿದಿ ಬೇ? ಕುರಾನ ನಾ ಶುಕ್ರವಾರಕ್ಕೊಮ್ಮೆ ಓದತಿದ್ದೆ. ಮುಂಜಾನಿಂದ ಸಂಜೀತನಾ ಅಲ್ಲಿ ಒಂದ ಸದ್ದು. ಅವರು ಹತ್ತಿ ಹಿಂಜೂ ಕಮಾನಿಂದು. ಅದು ನಡದಾಗ ಹೊಟ್ಯಾಗ ಕೂಸು ಸುಮ್ಮನಿರತಿತ್ತು. ನಿಂತ್ರ ಸಾಕು, ಒದಿಯಾಕ ಹತ್ತತಿತ್ತು."

"ಬಾಯಿ ಮುಚ್ಚಿಕೊಂಡ ಕೂಡು," ಎಂದಳು ಸುಗರಾಬಿ. "ಬಾಣಂತಿಗೆ ಗಾಳಿ ಹೊಗತೈತಿ."

ಸುಗರಾಬಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂಬುದು ಬಬಲೇಶ್ವರಕ್ಕೆಲ್ಲ ಗೊತ್ತಿದ್ದ ಮಾತು. ಆದರೆ ಕಮಾನಿನ ಮೇಲಿನ ಅವಳ ಸಿಟ್ಟು ಬೇರೆಯೇ. ಅವಳು ಕಾಖಂಡಕಿಯ ಪಿಂಜಾರರ ಮಗಳು. ಹತ್ತಿ ಹಿಂಜುವ ಕಮಾನಿನ ಕೆಳಗೇ ಹುಟ್ಟಿ ಬೆಳೆದವಳು. ಅಪ್ಪ ಊರಿಗೆಲ್ಲ ಗಾದಿ ಹೊಲಿದುಕೊಟ್ಟ, ಅರಳೆಯ ಧೂಳು ನುಂಗಿ ನುಂಗಿ ಕೆಮ್ಮಿದ, ಕೊನೆಗೆ ಅವಳ ಮದುವೆ ಮುಗಿಸಿ, ಕೆಮ್ಮುತ್ತಲೇ ಹೋದ. ಅಂದಿನಿಂದ ಅವಳಿಗೆ ಅರಳೆಯ ಎಳೆ ಕಂಡರೆ ಮೈಯೆಲ್ಲ ಉರಿ. ಯಾರ ಅಂಗಿಯ ಮೇಲೆ ಒಂದು ಬಿಳಿ ಎಳೆ ಕಂಡರೂ, ಗುರುತಿರಲಿ ಬಿಡಲಿ, ಚಿವುಟಿ ತೆಗೆದು ಎಸೆದೇ ಮಾತು ಮುಂದುವರಿಸುತ್ತಿದ್ದಳು. ಶಾಲೆಯ ಜವಾನ ಮುರ್ತುಜಾಸಾಬನನ್ನು ಮದುವೆಯಾದಾಗ ಬದುಕಿಕೊಂಡೆ ಅಂದುಕೊಂಡಿದ್ದಳು. ಆದರೆ ಆ ಪುಣ್ಯಾತ್ಮ ತನ್ನ ತಂಗಿಯ ಮಗ, ತಿಕೋಟಾದ ಪಿಂಜಾರ ಮೆಹಬೂಬನಿಗೇ ಮಗಳನ್ನು ಕೊಟ್ಟ. ಮಗಳೂ ಅವನೇ ಬೇಕೆಂದಳು.

ಅಳಿಯ ಕೆಟ್ಟವನಲ್ಲ. ಅದನ್ನು ಸುಗರಾಬಿಯೂ ಒಳಗೊಳಗೆ ಒಪ್ಪುತ್ತಿದ್ದಳು. ಕೂಸು ಹುಟ್ಟಿದ ಆರನೆಯ ದಿನ ಅವನು ಹೊಸ ಅರಳೆ ಹಿಂಜಿ, ತಾನೇ ಹೊಲಿದ ಮೊಳದುದ್ದದ ಗಾದಿಯೊಂದನ್ನು ಬಗಲಲ್ಲಿಟ್ಟುಕೊಂಡು ಬಂದಿದ್ದ. ಮುಖದ ತುಂಬ ನಗು, ತಲೆಯ ತುಂಬ ಅರಳೆ. ಬಸ್ಸು ತಪ್ಪೀತೆಂದು ಕೆಲಸ ಬಿಟ್ಟವನೇ ಓಡಿಬಂದಿದ್ದ. ಸುಗರಾಬಿ ಬಾಗಿಲಲ್ಲೇ ತಡೆದಳು. "ಈ ಧೂಳಿ ಹೊತ್ತುಕೊಂಡು ಹಸಗೂಸಿನ ಹತ್ತರ ಬರತೀಯೇನು? ಅಲ್ಲೇ ನಿಂತು ನೋಡು." ಅವನು ಹೊಸ್ತಿಲಾಚೆಯಿಂದಲೇ ಕೂಸಿನ ಮುಖ ನೋಡಿದ. ಚಹಾ ಕುಡಿಯದೆ ಹೋದ. ಆ ಸಣ್ಣ ಗಾದಿ ಅಟ್ಟ ಸೇರಿತು.

ಮನೆಗೆ ಬಂದ ಮೇಲೆ ಆಶಾಬಿ ಕೂಸನ್ನು ಎದೆಯ ಎಡಗಡೆಗೇ ಒರಗಿಸಿಕೊಂಡು ಕೂತಳು. ಎರಡು ಗುಟುಕು ಕುಡಿದು ಕೂಸು ಮುಖ ತಿರುಗಿಸಿತು, ಬೆನ್ನು ಬಿಲ್ಲಾಗಿಸಿ ಚೀರಿತು. ಮುರ್ತುಜಾಸಾಬ ಶಾಲೆಯಿಂದ ಬಂದವನು ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ತಿರುಗಿದ. ಸುಗರಾಬಿ ಜೋಗುಳ ಹಾಡಿದಳು, ಹಾಡಿ ಹಾಡಿ ಅವಳ ಗಂಟಲೇ ಕಟ್ಟಿತು. ಹೊತ್ತು ಮುಳುಗುವಾಗ ಕೂಸಿನ ಅಳು ಸಣ್ಣಗಾಯಿತು. ಸಮಾಧಾನವಾಗಿ ಅಲ್ಲ, ಅಳಲು ಶಕ್ತಿಯಿಲ್ಲದೆ. ಬಾಯಿ ಅಗಲವಾಗಿ ತೆರೆದಿತ್ತು, ದನಿ ಮಾತ್ರ ಬೆಕ್ಕಿನ ಮರಿಯಷ್ಟು. ಚೀರಾಟಕ್ಕೆ ಹೆದರದಿದ್ದ ಸುಗರಾಬಿ ಆ ಸಣ್ಣ ದನಿಗೆ ಹೆದರಿದಳು.

"ಏನ್ರಿ," ಎಂದು ಗಂಡನನ್ನು ಕರೆದಳು. "ನಾಳೆ ಮೊದಲನೇ ಬಸ್ಸಿಗೆ ತಿಕೋಟಾಕ್ಕ ಹೋಗ್ರಿ. ಅಳಿಯನ್ನ ಕರ್ಕೊಂಡ ಬರ್ರಿ. ಕಮಾನು ತಗೊಂಡ ಬರಾಕ ಹೇಳ್ರಿ."

"ಏನ ತಗೊಂಡ?" ಮುರ್ತುಜಾಸಾಬ ಕಿವಿ ಮುಂದೆ ಮಾಡಿದ.

"ಕಮಾನು! ಹತ್ತಿ ಹಿಂಜೂದು! ಕಿವುಡ ಆಗೀರೇನು?"

"ಕೇಳಿಸ್ತು ಬಿಡು," ಎಂದ ಅವನು ಮೆಲ್ಲಗೆ. "ನಿನ್ನ ಬಾಯಾಗ ಬಂತಲ್ಲ, ಅದಕ್ಕ ಇನ್ನೊಮ್ಮೆ ಕೇಳಿದೆ."

ಮರುದಿನ ಮಧ್ಯಾಹ್ನ ಮಾವ ಅಳಿಯ ಇಬ್ಬರೂ ಬಂದರು. ಬಸ್ಸಿನ ಮೇಲೆ ಕಟ್ಟಿ ತಂದ ಕಮಾನು ಮೆಹಬೂಬನ ಹೆಗಲ ಮೇಲಿತ್ತು, ಆಳುದ್ದದ್ದು. ಅವನ ತಲೆ ಎಣ್ಣೆ ಹಾಕಿ ಬಾಚಿತ್ತು. ಅಂಗಿ ನೀಲಿ ಹಾಕಿ ತೊಳೆದದ್ದು. ಕಮಾನನ್ನು ಕೂಡ ಒದ್ದೆ ಅರಿವೆಯಿಂದ ಒರೆಸಿಕೊಂಡು ಬಂದಿದ್ದ. ಸುಗರಾಬಿ ರೂಢಿಯಂತೆ ಅವನ ಹೆಗಲು, ತೋಳು, ಟೊಪ್ಪಿಗೆ ಎಲ್ಲದರ ಮೇಲೂ ಕಣ್ಣಾಡಿಸಿದಳು. ಒಂದೇ ಒಂದು ಎಳೆ ಸಿಗಲಿಲ್ಲ. ಚಿವುಟಲು ಎತ್ತಿದ್ದ ಕೈಯಿಂದ ಬಾಗಿಲನ್ನು ಪೂರ್ತಿ ತೆರೆದಳು.

"ಒಳಗ ಬಾ, ಯಪ್ಪಾ," ಎಂದಳು. "ಮಗಳನ್ನ ಎತ್ತಿಕೋ."

ಅವನು ಎತ್ತಿಕೊಂಡ. ಎರಡು ಸಲ ಮೂಗು ಏರಿಸಿದ. ಕೂಸು ಎಷ್ಟು ಹಗುರಾಗಿದೆ ಎಂಬುದು ಅವನ ತೋಳಿಗೆ ಗೊತ್ತಾಗಿರಬೇಕು. ಹೆಂಡತಿಯ ಕೈಗೆ ಕೊಟ್ಟು ಬಂದು, ಪಡಸಾಲೆಯ ಜಂತಿಗೆ ಹಗ್ಗ ಬಿಗಿದು ಕಮಾನನ್ನು ತೂಗುಹಾಕಿದ. ನೆಲದ ಮೇಲೆ ಮಂಡಿಯೂರಿ, ಮರದ ಕೊಡತಿಯಿಂದ ತಂತಿಗೆ ಹೊಡೆದ.

ಟಣ್. ಟಣ್. ಟಣ್.

ಕೂಸು ಬೆಚ್ಚಿಬಿದ್ದು, ಉಳಿದ ಶಕ್ತಿಯನ್ನೆಲ್ಲ ಒಟ್ಟು ಮಾಡಿ ಅತ್ತಿತು. ಇನ್ನೆರಡು ಸಲ ಹೊಡೆದ. ಇನ್ನೂ ಅತ್ತಿತು. ಆಶಾಬಿಯ ಮುಖ ಬಾಡಿತು. ಮುರ್ತುಜಾಸಾಬ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಇದೊಂದು ದಾರಿ ಉಳಿದಿತ್ತು, ಇದೂ ಮುಚ್ಚಿತಲ್ಲ ಎಂದು ಸುಗರಾಬಿಗೆ ಸೊಲ್ಲಾಪುರದ ನಳಿ ಕಣ್ಣ ಮುಂದೆ ಬಂತು.

ಮೆಹಬೂಬ ಕೊಡತಿ ಕೆಳಗಿಟ್ಟ. "ಅತ್ತಿ, ಇದು ಆ ದನಿ ಅಲ್ರಿ," ಎಂದ ನೆಲ ನೋಡುತ್ತ. "ಬರೇ ತಂತಿ ಹಿಂಗ ಚೀರತೈತಿ. ಅರಳಿ ಒಳಗ ಆಡಿದ್ರ ದನಿ ಮೆತ್ತಗಾಗತೈತಿ. ಕೂಸು ಕೇಳಿದ್ದು ಅದನ್ನ. ನಿಮಗ ಧೂಳಿ ಆಗಂಗಿಲ್ಲ ಅಂತ ನಾ ಅರಳಿ ತರಲಿಲ್ರಿ. ತಪ್ಪು ಮಾಡಿದೆ."

"ಅಟ್ಟದ ಮ್ಯಾಲಿನ ಸಣ್ಣ ಗಾದಿ ಬಿಚ್ಚರಿ," ಎಂದಳು ಆಶಾಬಿ.

"ಅದ್ರಾಗ ಎರಡು ಮುಷ್ಟಿ ಐತಿ. ತಂತಿ ಮುಳುಗೂದಿಲ್ಲ," ಎಂದ ಮೆಹಬೂಬ.

ಪಿಂಜಾರನ ಮಗಳಿಗೆ ಅಳಿಯ ಹೇಳಿಕೊಡಬೇಕಾಗಿತ್ತೇ? ಅಪ್ಪ ಬರೀ ತಂತಿ ಮೀಟಿಕೊಂಡು ಓಣಿ ಓಣಿ ತಿರುಗುವಾಗಿನ ದನಿ ಬೇರೆ, ಮನೆಯಲ್ಲಿ ಅರಳೆ ಗುಡ್ಡೆಯೊಳಗೆ ತಂತಿ ಇಳಿಸಿದಾಗಿನ ದನಿ ಬೇರೆ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದನ್ನು ಇಷ್ಟು ವರ್ಷ ಅದುಮಿಟ್ಟುಕೊಂಡು ಮರೆತಿದ್ದಳು, ಅಷ್ಟೇ.

ಸುಗರಾಬಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದಳು. ದೊಡ್ಡ ಟ್ರಂಕಿನ ಮುಚ್ಚಳ ಬಿದ್ದ ಸದ್ದು ಕೇಳಿಸಿತು. ಹೊರಗೆ ಬಂದಾಗ ಅವಳ ತೋಳತುಂಬ ಹಳೆಯ ಗಾದಿಯೊಂದಿತ್ತು. ಮೇಲೆ ಹೊದಿಸಿದ ಕೆಂಪು ಗಲೀಫಿನ ಅಂಚು ಬಣ್ಣಗೆಟ್ಟಿತ್ತು. ಮದುವೆಯಲ್ಲಿ ಅಪ್ಪ ಹಿಂಜಿ, ಹೊಲಿದು ಕೊಟ್ಟದ್ದು. ಅಪ್ಪ ಹೋದ ಮೇಲೆ ಅದರ ಮೇಲೆ ಯಾರೂ ಮಲಗಿದ್ದಿಲ್ಲ. ಗಂಟು ಬಿದ್ದಿದೆ, ಇನ್ನೊಮ್ಮೆ ಹಿಂಜಿಸೋಣ ಎಂದು ಮುರ್ತುಜಾಸಾಬ ಹಿಂದೊಮ್ಮೆ ಬಾಯಿ ತೆಗೆದು, ಎರಡು ದಿನ ಊಟಕ್ಕೆ ಕುತ್ತು ತಂದುಕೊಂಡಿದ್ದ.

"ಏ, ಅದು ಮಾವಂದು..." ಎಂದ ಅವನು ಈಗ ಗಾಬರಿಯಾಗಿ.

"ಸುಮ್ಮ ಆ ಕಡೆ ಹಿಡೀರಿ."

ಈಳಿಗೆಯ ತುದಿಯಿಂದ ಅವಳು ಹೊಲಿಗೆ ಹರಿದಳು. ಅಪ್ಪನ ಹೊಲಿಗೆ ಗಟ್ಟಿಯಾಗಿತ್ತು, ಸುಲಭಕ್ಕೆ ಬಿಡಲಿಲ್ಲ. ಒಂದೊಂದೇ ಹೊಲಿಗೆಯ ದಾರ ಕೊಯ್ಯುತ್ತ ಹೋದಳು, ಕೈ ನಿಲ್ಲಿಸಲಿಲ್ಲ. ಅರಳೆ ಹೆಪ್ಪುಗಟ್ಟಿದ ಉಂಡೆಯಾಗಿ ನೆಲಕ್ಕೆ ಬಿತ್ತು. ಮೆಹಬೂಬ ಒಂದು ಉಂಡೆ ಎತ್ತಿ ಬೆರಳಲ್ಲಿ ಬಿಡಿಸಿದ, ಬೆಳಕಿಗೆ ಹಿಡಿದ.

"ಒಂದು ಬೀಜದ ಚೂರಿಲ್ಲ ಇದ್ರಾಗ. ಯಾರು ಹಿಂಜಿದ್ದರಿ ಅತ್ತಿ ಇದನ್ನ?"

"ನಮ್ಮಪ್ಪ," ಎಂದಳು ಸುಗರಾಬಿ. ಎದ್ದು ಹೋಗಿ ಬಾಣಂತಿಯ ಕೋಣೆಯ ಬಾಗಿಲಿಗೆ ಒದ್ದೆ ಸೀರೆಯೊಂದನ್ನು ಇಳಿಬಿಟ್ಟಳು. ಧೂಳು ಕೂಸಿನ ಕಡೆ ಹೋಗಬಾರದು. ತಾನು ಮಾತ್ರ ಈಚೆಗೆ, ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು ಕೂತಳು.

ಮೆಹಬೂಬ ತಂತಿಯನ್ನು ಅರಳೆಯೊಳಗೆ ಇಳಿಸಿ ಹೊಡೆದ. ಮೊದಲು ಹಳೆಯ ಗಂಟುಗಳು ಜಗ್ಗಲಿಲ್ಲ, ದನಿ ತಡವರಿಸಿತು. ಆಮೇಲೆ ಅರಳೆ ಬಿಚ್ಚಿಕೊಂಡಿತು.

ಧುಂ... ಧುಂ... ಧುಂ-ಧುಂ... ಧುಂ...

ಒಳಗೆ ಅಳು ಅರ್ಧಕ್ಕೆ ನಿಂತಿತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಒಂದು ಬಿಕ್ಕು ಬಂತು. ಆಮೇಲೆ ಏನೂ ಇಲ್ಲ, ಕಮಾನಿನ ದನಿಯೊಂದೇ. ಬಹಳ ಹೊತ್ತಾದ ಮೇಲೆ ಸೀರೆಯ ಪರದೆಯಾಚೆಯಿಂದ ಆಶಾಬಿಯ ದನಿ ಕೇಳಿಸಿತು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯುವಂತಿರಲಿಲ್ಲ.

"ಕುಡ್ಯಾಕತ್ತೈತಿ ಬೇ. ಕಣ್ಣ ತಗದು ಆ ಕಡೆ ನೋಡಕೋತ ಕುಡ್ಯಾಕತ್ತೈತಿ."

ಸುಗರಾಬಿ "ಹೂಂ" ಎಂದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮೂರು ವಾರ ಕಣ್ಣಿಗೆ ಕಣ್ಣು ಹಚ್ಚದವಳು. ದನಿ ಗೋಡೆಯೊಳಗಿಂದ ಬೆನ್ನಿಗೆ, ಬೆನ್ನಿಂದ ಪಕ್ಕೆಲುಬಿಗೆ ಇಳಿಯುತ್ತಿತ್ತು. ಎದ್ದು ಒಲೆಯ ಮೇಲೆ ಚಹಾಕ್ಕೆ ಇಡಬೇಕು, ಅಳಿಯನಿಗೆ ಇವತ್ತಾದರೂ ಚಹಾ ಕೊಡಬೇಕು ಎಂದುಕೊಂಡಳು. ಮೈ ಏಳಲಿಲ್ಲ.

ಗಾದಿಯ ಅರಳೆ ಅರ್ಧ ಮುಗಿದಾಗ ಮೆಹಬೂಬನ ತೋಳು ಸೋತಿತು. ಕೊಡತಿ ಕೆಳಗಿಡುವವನಿದ್ದ. ಪರದೆಯ ಹಿಂದಿನಿಂದ ಆಶಾಬಿ, "ನಿಲ್ಲಸಬ್ಯಾಡ್ರಿ, ಈಗರ ಮಲಗೇತಿ," ಎಂದು ಪಿಸುಗುಟ್ಟಿದಳು. ಇತ್ತ ಮುರ್ತುಜಾಸಾಬನೂ ಕೈ ಆಡಿಸಿ, ಹೊಡಿ ಹೊಡಿ ಎಂದು ಸನ್ನೆ ಮಾಡಿ, ಗೋಡೆಯ ಕಡೆ ಬೆರಳು ತೋರಿಸಿದ.

ಸುಗರಾಬಿ ಕೂತಲ್ಲೇ ನಿದ್ದೆ ಹೋಗಿದ್ದಳು. ತಲೆ ಒಂದು ಕಡೆ ವಾಲಿತ್ತು, ಬಾಯಿ ಕೂಸಿನದರಂತೆ ತುಸು ತೆರೆದಿತ್ತು. ಪಡಸಾಲೆಯ ತುಂಬ ಅರಳೆ ಹಾರಾಡಿ ಅವಳ ಕೂದಲ ಮೇಲೆ, ಹುಬ್ಬಿನ ಮೇಲೆ, ಸೆರಗಿನ ಮೇಲೆ ಬಿಳಿಯಾಗಿ ಕೂರುತ್ತಿತ್ತು. ಎದ್ದರೆ ರಂಪ ಮಾಡಿಯಾಳೆಂದು ಮುರ್ತುಜಾಸಾಬ ಹತ್ತಿರ ಹೋಗಿ, ಎಳೆ ತೆಗೆಯಲು ಕೈ ಚಾಚಿದ. ಚಾಚಿದ ಕೈಯನ್ನು ಹಾಗೇ ಹಿಂದೆ ತೆಗೆದುಕೊಂಡು, ಅವಳ ಪಕ್ಕದಲ್ಲಿ ಸದ್ದಾಗದಂತೆ ಕೂತ.

ಮೆಹಬೂಬ ತೋಳು ಬದಲಿಸಿ ಮತ್ತೆ ಹೊಡೆಯತೊಡಗಿದ. ಸುಗರಾಬಿಯ ಮೇಲ್ದುಟಿಯ ಮೇಲೆ ಒಂದು ಎಳೆ ಕೂತಿತ್ತು. ಉಸಿರು ಬಿಟ್ಟಾಗ ಏಳುತ್ತಿತ್ತು, ಎಳೆದುಕೊಂಡಾಗ ಮಲಗುತ್ತಿತ್ತು.