ಸಾಸಿವೆ ಕಾಳಿನಷ್ಟು ಸರಿದ ಹೊಳೆ

ನಾನು ಒಂದು ನಕ್ಷೆ. ಶಾಲೆಯ ಗೋಡೆಗೆ ತೂಗುಹಾಕಿ ಮಾಸ್ತರರು ಕೋಲಿನಿಂದ ತೋರಿಸುವ ದೊಡ್ಡ ನಕ್ಷೆಯಲ್ಲ. ಹದಿನಾರು ಮಡಿಕೆಯಾಗಿ ಅಂಗಿಯ ಕಿಸೆಯಲ್ಲಿ ಕೂರುವ ರಸ್ತೆ ನಕ್ಷೆ. ನನ್ನ ಮೈಮೇಲೆ ಸಾವಿರಾರು ಊರುಗಳಿವೆ. ಅವುಗಳಲ್ಲಿ ನಾನು ಕಂಡದ್ದು ಬೆರಳೆಣಿಕೆಯಷ್ಟು.

ಹುಟ್ಟಿದ್ದು ಗದಗಿನ ಒಂದು ಮುದ್ರಣಾಲಯದಲ್ಲಿ. ನಾಲ್ಕು ಬಣ್ಣಕ್ಕೆ ನಾಲ್ಕು ಸಲ ಯಂತ್ರದ ಬಾಯಿಗೆ ಹೋಗಿ ಬರಬೇಕಿತ್ತು. ಮೊದಲು ನೆಲದ ಹಳದಿ, ಆಮೇಲೆ ನದಿಗಳ ನೀಲಿ, ಆಮೇಲೆ ರಸ್ತೆಗಳ ಕೆಂಪು, ಕೊನೆಗೆ ಊರುಗಳ ಕಪ್ಪು. ನೀಲಿಯ ಸರದಿಯಲ್ಲಿ ಕಾಗದ ತುಸು ಜರುಗಿತು. ಯಂತ್ರ ನಡೆಸುವವನು ನನ್ನನ್ನು ಬೆಳಕಿಗೆ ಹಿಡಿದು, "ಮಾಲಕ್ರ, ಹೊಳಿ ಎಲ್ಲಾ ಒಂದು ಸಾಸಿವಿ ಕಾಳಷ್ಟು ಮ್ಯಾಲಕ್ಕ ಸರದಾವ್ರೀ" ಎಂದ.

ಮಾಲೀಕರು ಕನ್ನಡಕ ಏರಿಸಿ ನೋಡಿದರು. "ಹೊಳಿ ನೋಡಾಕ ಯಾರರ ನಕ್ಷೆ ತಗೋತಾರೇನೋ? ದಾರಿ, ಊರು ಸರಿ ಅದಾವಿಲ್ಲೋ? ಕಟ್ಟು ಹಾಕು" ಎಂದರು.

ಹೀಗೆ ನನ್ನ ನದಿಗಳೆಲ್ಲ ತಮ್ಮ ಜಾಗಕ್ಕಿಂತ ಒಂದು ಸಾಸಿವೆ ಕಾಳಿನಷ್ಟು ಉತ್ತರಕ್ಕೆ ಹರಿಯತೊಡಗಿದವು. ಕಾಗದದ ಮೇಲೆ ಸಾಸಿವೆ ಕಾಳೆಂದರೆ ನೆಲದ ಮೇಲೆ ಹತ್ತಿರ ಹತ್ತಿರ ಎರಡು ಕಿಲೋಮೀಟರ್. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನನ್ನದು ಹುಟ್ಟಿನ ದೋಷ. ಆದರೂ ಬಹಳ ವರ್ಷ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ನನ್ನನ್ನು ಮೊದಲು ಕೊಂಡವನು ಔಷಧಿ ಕಂಪನಿಯ ಏಜೆಂಟ. ಆರು ವರ್ಷ ಅವನ ಕಿಸೆಯಲ್ಲಿದ್ದೆ. ಅವನಿಗೆ ಬೇಕಾದದ್ದು ಡಾಕ್ಟರುಗಳಿದ್ದ ಊರು ಮತ್ತು ಅಲ್ಲಿಗೆ ಹೋಗುವ ರಸ್ತೆ. ನದಿಯ ಜೊತೆ ಅವನಿಗೆ ಯಾವ ವ್ಯವಹಾರವೂ ಇರಲಿಲ್ಲ. ಒಂದು ಬೇಸಿಗೆಯ ಮಧ್ಯಾಹ್ನ ಬಿಸಿಲು ತಾಳಲಾರದೆ ಧಾರವಾಡ ಸೀಮೆಯ ಒಂದು ಸಣ್ಣ ಮ್ಯೂಸಿಯಂಗೆ ಹೊಕ್ಕ, ಫ್ಯಾನಿನ ಕೆಳಗೆ ಅರ್ಧ ಗಂಟೆ ಕೂತ, ನನ್ನನ್ನು ಕಾವಲುಗಾರನ ಮೇಜಿನ ಮೇಲೆ ಬಿಟ್ಟು ಎದ್ದು ಹೋದ. ಬಾಗಿಲ ತನಕ ನೋಡಿದೆ. ತಿರುಗಲಿಲ್ಲ.

ಆ ಮ್ಯೂಸಿಯಂನಲ್ಲಿ ಮರೆತುಹೋದ ಸಾಮಾನಿಗೆಂದೇ ಒಂದು ಡ್ರಾವರ್ ಇತ್ತು. ಒಂದು ಕೊಡೆ, ಮಗುವಿನ ಒಂಟಿ ಚಪ್ಪಲಿ, ಒಂದು ಕಾಲಿನ ಕನ್ನಡಕ, ಈಗ ನಾನು. ಒಂದು ವರ್ಷ ಕಾಯಬೇಕು, ಯಾರೂ ಬರದಿದ್ದರೆ ವಿಲೇವಾರಿ ಮಾಡಬೇಕು ಎಂದು ನಿಯಮ. ನಾನು ಕಾದೆ. ಆ ಒಂದು ವರ್ಷದಲ್ಲಿ ನನಗೆ ತಿಳಿದದ್ದು ಇಷ್ಟೇ: ಮರೆತುಹೋದ ಸಾಮಾನಿಗೆ ಮರೆತವರು ನೆನಪಿರುತ್ತಾರೆ.

ವರ್ಷ ತುಂಬಿದ ದಿನ ಕಾವಲುಗಾರ ಅಡಿವೆಪ್ಪ ನನ್ನನ್ನು ಬಿಡಿಸಿ ಮೇಜಿನ ಮೇಲೆ ಹಾಸಿದ. ಕಸ ಹೊಡೆಯುತ್ತಿದ್ದ ಹೆಂಡತಿ ಫಕೀರವ್ವ ಬಂದು ಬಗ್ಗಿ ನೋಡಿದಳು. ಇಬ್ಬರೂ ಅಲ್ಲಿಯೇ ಕೆಲಸಕ್ಕಿದ್ದರು. ಅವನು ಖಾಕಿ ಅಂಗಿ ಹಾಕಿ ಕಾಯುವುದು, ಅವಳು ಕಸ ಹೊಡೆದು ವಿಗ್ರಹಗಳ ಧೂಳು ಒರೆಸುವುದು.

ಈ ಗಂಡ ಹೆಂಡಿರಿಗೆ ಮ್ಯೂಸಿಯಂ ಹುಚ್ಚು. ದಿನವೂ ಹಲ್ವಾ ಮಾರುವವನಿಗೆ ಹಲ್ವಾ ಸೇರುವುದಿಲ್ಲ ಎನ್ನುತ್ತಾರಲ್ಲ, ಇವರದು ಉಲ್ಟಾ. ಬೇರೆ ಊರಿನ ಮ್ಯೂಸಿಯಂಗಳಲ್ಲಿ ಏನಿದೆ, ಅಲ್ಲಿ ಯಾರು ಕಾಯುತ್ತಾರೆ, ಯಾರು ಒರೆಸುತ್ತಾರೆ ಎಂದು ತಿಳಿಯುವ ಆಸೆ. ಆದರೆ ಇವರ ವಾರದ ರಜೆ ಸೋಮವಾರ. ಸೋಮವಾರ ಸುತ್ತಲಿನ ಮ್ಯೂಸಿಯಂಗಳಿಗೂ ರಜೆ! ಇಬ್ಬರೂ ಒಟ್ಟಿಗೆ ಬೇರೆ ದಿನ ರಜೆ ಹಾಕಿದರೆ ಇಲ್ಲಿಯ ಬಾಗಿಲು ತೆಗೆಯುವವರಿಲ್ಲ. ಹಾಗಾಗಿ ಅವರು ಮೂರು ಊರುಗಳಿಗೆ ಹೋಗಿ, ಮೂರು ಮ್ಯೂಸಿಯಂಗಳ ಮುಚ್ಚಿದ ಗೇಟು ನೋಡಿ, ಗೇಟಿನ ಮುಂದೆ ರೊಟ್ಟಿ ತಿಂದು ಬಂದಿದ್ದರು.

ಮೇಜಿನ ಎದುರಿಗೇ ಒಂದು ಕಲ್ಲಿನ ಹೆಣ್ಣು ನಿಂತಿತ್ತು. ಕೈಯಲ್ಲಿ ಚಾಮರ, ಸೊಂಟದಲ್ಲಿ ಡಾಬು, ಕೊರಳ ಮೇಲೆ ಏನೂ ಇಲ್ಲ. ಕೆಳಗಿನ ಕಾರ್ಡಿನಲ್ಲಿ "ಚಾಮರಧಾರಿಣಿ. ತಲೆ ಸಿಕ್ಕಿಲ್ಲ" ಎಂದು ಅಚ್ಚಾಗಿತ್ತು. ಫಕೀರವ್ವ ದಿನವೂ ಅವಳ ಕಾಲುಂಗುರದಿಂದ ಕೊರಳ ತನಕ ಮೆತ್ತಗೆ ಒರೆಸುತ್ತಿದ್ದಳು.

"ಇಪ್ಪತ್ತೆರಡು ವರ್ಷಾತು ಈಕಿ ಮೈ ತೊಳಿಯಾಕತ್ತಿ. ಮಾರಿ ನೋಡಿಲ್ಲ ಅಂದ್ರ ಹೆಂಗ್ರೀ?" ಎನ್ನುತ್ತಿದ್ದಳು ಗಂಡನಿಗೆ.

ಒಂದು ದಿನ ವಿಶ್ವವಿದ್ಯಾಲಯದಿಂದ ಬಂದ ಹೆಣ್ಣುಮಗಳೊಬ್ಬಳು ಆ ವಿಗ್ರಹವನ್ನು ಬಹಳ ಹೊತ್ತು ನೋಡಿ, ಮಲಪ್ರಭೆಯ ದಂಡೆಯ ಹೊಳೆಕಲ್ಲೂರಿನ ಮ್ಯೂಸಿಯಂನಲ್ಲಿ ಇಂಥದ್ದೇ ಕಪ್ಪು ಹಸಿರು ಕಲ್ಲಿನ ಒಂದು ಬಿಡಿ ತಲೆ ಇದೆ ಎಂದಳು. ಇನ್ನೂ ಒಂದು ಮಾತು ಹೇಳಿದಳು. ಅದು ಕೇಂದ್ರ ಸರ್ಕಾರದ್ದು, ಅಲ್ಲಿ ಶುಕ್ರವಾರ ರಜೆ, ಸೋಮವಾರ ತೆರೆದಿರುತ್ತದೆ.

ಅಂದಿನಿಂದ ನನ್ನ ಜೀವನದ ಒಳ್ಳೆಯ ದಿನಗಳು ಶುರುವಾದವು. ನೋಡುವವರಿಲ್ಲದ ಮಧ್ಯಾಹ್ನಗಳಲ್ಲಿ ನನ್ನನ್ನು ಹಾಸಿಕೊಂಡು ಇಬ್ಬರೂ ಪ್ರವಾಸದ ಲೆಕ್ಕ ಹಾಕುತ್ತಿದ್ದರು. ಇದ್ದದ್ದು ಒಂದು ಹಳೆಯ ಸ್ಕೂಟರ್, ಕಡಿಮೆ ಖರ್ಚಿನಲ್ಲಿ ಮುಗಿಯಬೇಕು. ಫಕೀರವ್ವ ಕೌದಿ ಹೊಲಿಯುವ ದಾರ ತಂದು ನನ್ನ ಕೆಂಪು ರಸ್ತೆಗಳ ಮೇಲೆ ತಿರುವು ತಿರುವಿಗೂ ಬಾಗಿಸಿ ಇಡುತ್ತಿದ್ದಳು. ಒಂದು ಲೀಟರ್ ಪೆಟ್ರೋಲಿಗೆ ಓಡುವಷ್ಟು ದಾರಿಗೆ ಒಂದು ಗಂಟು. ಹೋಗಲು ಮೂರು ಗಂಟು, ಬರಲು ಮೂರು. ಹೋಟೆಲ್ ಊಟ ಬೇಡ, ಕಟಕ ರೊಟ್ಟಿ, ಶೇಂಗಾ ಚಟ್ನಿ ಸಾಕು. ಅವಳ ಬೆರಳು ನನ್ನ ಮೇಲೆ ನಡೆದಾಡುವಾಗ ನನಗೆ ನಾನೇ ಹೊರಟಷ್ಟು ಖುಷಿಯಾಗುತ್ತಿತ್ತು.

ಹೊರಡುವ ಹಿಂದಿನ ದಿನ ಅವಳು ಅದೇ ದಾರದ ಉಳಿದ ತುದಿಯನ್ನು ಚಾಮರಧಾರಿಣಿಯ ಕೊರಳಿಗೆ ಸುತ್ತಿ, ತುದಿ ಸೇರಿದಲ್ಲಿ ಒಂದು ಗಂಟು ಹಾಕಿದಳು. ವಿಗ್ರಹಕ್ಕೆ ದಾರ ಸುತ್ತುವುದು ನಿಯಮಕ್ಕೆ ವಿರುದ್ಧ. ಅಡಿವೆಪ್ಪ ತಡೆಯಬೇಕಿತ್ತು. ಅವನು ಕಿಟಕಿಯ ಕಡೆ ತಿರುಗಿ ಗಟ್ಟಿಯಾಗಿ ಕೆಮ್ಮಿದ. ಹೊಳೆಕಲ್ಲೂರಿನ ತಲೆಯ ಕೊರಳಿಗೂ ಹೀಗೇ ಸುತ್ತಿ ಎರಡನೆಯ ಗಂಟು ಹಾಕಿದಾಗ ಎರಡೂ ಒಂದರ ಮೇಲೊಂದು ಕೂತರೆ ತಲೆ ಇವಳದೇ. ದಾರವನ್ನು ನನ್ನ ಮಡಿಕೆಯೊಳಗೆ ಇಟ್ಟಳು.

ಗಣಪತಿ ಹಬ್ಬ ಮುಗಿದ ಮೇಲಿನ ಸೋಮವಾರ ಹೊರಟೆವು. ಹೊರಟೆವು ಎನ್ನುತ್ತೇನೆ, ನಾನೂ ಇದ್ದೆನಲ್ಲ. ದಾರಿಯಲ್ಲಿ ಒಂದು ಪಂಕ್ಚರ್ ಆಗಿ ಎರಡು ತಾಸು ಹೋಯಿತು. ನಾಲ್ಕರ ಹೊತ್ತಿಗೆ ಮಲಪ್ರಭೆಯ ದೊಡ್ಡ ಸೇತುವೆ ಕಣ್ಣಿಗೆ ಬಿತ್ತು. ಅಡಿವೆಪ್ಪ ಸ್ಕೂಟರ್ ನಿಲ್ಲಿಸಿ ನನ್ನನ್ನು ಬಿಡಿಸಿದ. ನನ್ನ ಪ್ರಕಾರ ಹೊಳೆಕಲ್ಲೂರು ಈಚೆ ದಂಡೆಯಲ್ಲಿತ್ತು, ಸೇತುವೆ ದಾಟುವ ಮೊದಲೇ ಬಲಕ್ಕೆ ತಿರುಗಬೇಕಿತ್ತು. ನಿಜವಾಗಿ ಊರು ಆಚೆ ದಂಡೆಯಲ್ಲಿತ್ತು. ಊರೂ ಸರಿ ಇತ್ತು, ದಾರಿಯೂ ಸರಿ ಇತ್ತು. ನನ್ನ ಹೊಳೆ ಮಾತ್ರ ಸಾಸಿವೆ ಕಾಳಿನಷ್ಟು ಆಚೆಗೆ ಸರಿದಿತ್ತು.

ಅಲ್ಲೇ ಒಬ್ಬ ಮುದುಕ ಕುರಿ ಮೇಯಿಸುತ್ತಿದ್ದ. "ಒಂದು ಮಾತು ಕೇಳೂಣ್ರೀ" ಎಂದಳು ಫಕೀರವ್ವ.

"ಏನ್ ಕೇಳೂದು? ಇಲ್ಲಿ ಅಚ್ಚು ಹಾಕ್ಯಾರ ನೋಡು. ಅಚ್ಚು ಹಾಕಿದ್ದು ಸುಳ್ಳು ಹೇಳತೈತೇನು?"

ಇಪ್ಪತ್ತೇಳು ವರ್ಷ ಅಚ್ಚಾದ ಕಾರ್ಡುಗಳನ್ನು ಕಾಯ್ದವನ ನಂಬಿಕೆ ಅದು. ಯಾವ ರಾಜ, ಯಾವ ಶತಮಾನ ಎಂದು ಯಾರು ಕೇಳಿದರೂ ಕಾರ್ಡಿನ ಕಡೆ ಬೆರಳು ತೋರಿಸಿ ಬದುಕಿದವನು. ನನಗೆ ಬಾಯಿ ಇದ್ದಿದ್ದರೆ ಕೂಗಿಬಿಡುತ್ತಿದ್ದೆ. ಅವನು ಬಲಕ್ಕೆ ತಿರುಗಿದ.

ಅದು ಚಕ್ಕಡಿ ದಾರಿ. ಕೆಸರು, ಕಲ್ಲು, ಜಾಲಿ. ಮುಕ್ಕಾಲು ತಾಸಿನ ಮೇಲೆ ದಾರಿ ನೀರಿನ ಅಂಚಿಗೆ ಬಂದು ನಿಂತಿತು. ಎದುರಿಗೆ, ತುಂಬಿದ ಹೊಳೆಯ ಆಚೆ, ಹೊಳೆಕಲ್ಲೂರು. ಗುಡಿ ಕಾಣುತ್ತಿತ್ತು, ಅದರ ಪಕ್ಕ ಹಂಚಿನ ಮ್ಯೂಸಿಯಂ ಕಾಣುತ್ತಿತ್ತು. ಎಮ್ಮೆ ತೊಳೆಯುತ್ತಿದ್ದ ಹೆಂಗಸು ಹೇಳಿದಳು: "ಮಳಿಗಾಲದಾಗ ಇಲ್ಲಿ ದಾಟಾಕ ಬರಂಗಿಲ್ರೀ ಯಣ್ಣ. ತಿರುಗಿ ಬ್ರಿಜ್ಜಿಗೆ ಹೋಗ್ರಿ."

ತಿರುಗಿ ಹೋಗುವಷ್ಟು ಹೊತ್ತಿರಲಿಲ್ಲ, ಐದಕ್ಕೆ ಮ್ಯೂಸಿಯಂ ಮುಚ್ಚುತ್ತದೆ. ಆಚೆ ದಂಡೆಯಲ್ಲಿ ಖಾಕಿ ಅಂಗಿಯವನೊಬ್ಬ ಹೊರಗೆ ಬಂದ. ಮೊದಲು ಕಿಟಕಿ ಎಳೆದುಕೊಂಡ. ಆಮೇಲೆ ಬಾಗಿಲು. ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದ. ಅಡಿವೆಪ್ಪ ದಿನವೂ ಮಾಡುವುದನ್ನೇ ಅವನೂ ಮಾಡಿದ. ಅಡಿವೆಪ್ಪ ಕೈ ಎತ್ತಿದ. ಆಚೆಯವನೂ ಏನೋ ಎಂದುಕೊಂಡು ಕೈ ಎತ್ತಿ, ಸೈಕಲ್ ಹತ್ತಿ ಹೋದ.

ಫಕೀರವ್ವ ನನ್ನನ್ನೇ ನೆಲಕ್ಕೆ ಹಾಸಿ ರೊಟ್ಟಿ ಬಿಚ್ಚಿದಳು. ಚಟ್ನಿಯ ಎಣ್ಣೆ ಹೊಳೆಕಲ್ಲೂರಿನ ಮೇಲೆಯೇ ಬಿತ್ತು. ಆ ಕಲೆ ಇನ್ನೂ ಇದೆ. ಅಡಿವೆಪ್ಪ ರೊಟ್ಟಿ ಮುಟ್ಟಲಿಲ್ಲ.

"ನನಗ ನಕ್ಷೆ ಓದಾಕ ಬರಲಿಲ್ಲ ನೋಡು" ಎಂದ.

ತಪ್ಪು ನನ್ನದು ಎಂದು ಅವನಿಗೆ ಹೊಳೆಯಲೇ ಇಲ್ಲ. ಬೈದಿದ್ದರೆ, ಹರಿದು ಹೊಳೆಗೆ ಎಸೆದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವನು ನನ್ನನ್ನು ಜೋಪಾನವಾಗಿ ಮಡಿಚಿದ.

ಆಮೇಲೆ ಮತ್ತೆ ಡ್ರಾವರ್. ಪ್ರತಿ ವಾರ ಫಕೀರವ್ವ "ಈ ಸೋಮವಾರ ಹೋಗೂಣೇನ್ರೀ?" ಎಂದು ಕೇಳುವುದು ಸಂದಿಯಿಂದ ಕೇಳಿಸುತ್ತಿತ್ತು. ಮಳೆ ನಿಲ್ಲಲಿ ಎಂದ. ದೀಪಾವಳಿ ಆಗಲಿ ಎಂದ. ಚಳಿ ಹೋಗಲಿ ಎಂದ. ಅವನ ಒಳಗೆ ಏನೋ ಮುರಿದಿತ್ತು. ಬಂದವರು ಬಸ್ ಸ್ಟ್ಯಾಂಡಿಗೆ ಹೋಗುವ ದಾರಿ ಕೇಳಿದರೂ "ಬ್ಯಾರೆಯವ್ರನ್ನ ಕೇಳ್ರೀ, ನನಗ ಗೊತ್ತಾಗಂಗಿಲ್ಲ" ಎನ್ನುತ್ತಿದ್ದ. ಇಪ್ಪತ್ತೇಳು ವರ್ಷ ಅದೇ ದಾರಿಯಲ್ಲಿ ನಡೆದುಬಂದವನು! ಆ ಮಾತು ಕೇಳಿದಾಗಲೆಲ್ಲ ಕತ್ತಲಲ್ಲಿ ನನ್ನ ಮಡಿಕೆಗಳು ಬಿಗಿದುಕೊಳ್ಳುತ್ತಿದ್ದವು.

ಮೇ ತಿಂಗಳಲ್ಲಿ ಅವನ ನಿವೃತ್ತಿ ಇತ್ತು. ಯುಗಾದಿಯ ಮುಂಚೆ ಫಕೀರವ್ವ ಡ್ರಾವರ್ ತೆಗೆದು ದಾರ ಮಾತ್ರ ತೆಗೆದುಕೊಂಡಳು.

"ನಾ ಒಬ್ಬಾಕಿನ ಹೋಗಿ ಬರ್ತೀನ್ರೀ. ಬಸ್ಸಿಗೆ ಹೋಗ್ತೀನಿ, ಮಂದಿನ್ನ ಕೇಳಿಕೋತ ಹೋಗ್ತೀನಿ."

"ಹೂಂ" ಎಂದ ಅವನು. ನನ್ನನ್ನು ಅವಳು ಒಯ್ಯಲಿಲ್ಲ. ಒಯ್ಯಬಾರದಿತ್ತು ಕೂಡ. ಆದರೂ ನೋವಾಯಿತು, ಸುಳ್ಳು ಯಾಕೆ ಹೇಳಲಿ.

ಮಂಗಳವಾರ ಬೆಳಿಗ್ಗೆ ಅವಳು ಬಸ್ಸಿಳಿದು ನೇರ ಇಲ್ಲಿಗೇ ಬಂದು ಪೊರಕೆ ಹಿಡಿದಾಗ ಅಡಿವೆಪ್ಪ ಕುರ್ಚಿಯಿಂದ ಎದ್ದು ನಿಂತೇ ಇದ್ದ. "ತಲಿ ಕೂಡ್ತೇನು?"

"ಎಲ್ಲೀದ್ರೀ. ಆಕಿ ಅಲ್ಲ ಅದು. ಕಲ್ಲೂ ಬ್ಯಾರೆ, ಅಳತೀನೂ ಬ್ಯಾರೆ. ಅವತ್ತು ನಾವು ಹೋಗಿ ಮುಟ್ಟಿದ್ರೂ ಇಷ್ಟ ಆಗ್ತಿತ್ತು."

ಅಡಿವೆಪ್ಪ ನಿಧಾನವಾಗಿ ಕೂತ. "ಹಂಗಾದ್ರ ಹೋಗಿದ್ರೂ ದಂಡಾನ ಇತ್ತು" ಎಂದ. ಆಮೇಲೆ ನಕ್ಕ. ಆರು ತಿಂಗಳ ಮೇಲೆ ಆ ನಗು ಕೇಳಿದೆ. ಡ್ರಾವರ್ ಎಳೆದು ನನ್ನನ್ನು ತೆಗೆದು ಹಾಸಿ, ಅಂಗೈಯಿಂದ ನೀವಿ, "ಬಾದಾಮಿದೂ ಶುಕ್ರವಾರನ ರಜಾ ಐತಂತ, ನೋಡೂಣು" ಎಂದು, ಶಿಳ್ಳೆ ಹಾಕುತ್ತ ಚಹಾ ಕುಡಿಯಲು ಹೋದ.

ಫಕೀರವ್ವ ಸೊಂಟದಿಂದ ದಾರ ತೆಗೆದು ನನ್ನ ಮೇಲೆ ಇಟ್ಟಳು. ಲೆಕ್ಕ ನನಗೆ ಬಾಯಿಪಾಠ. ಪೆಟ್ರೋಲಿನ ಆರು ಗಂಟು, ಕೊರಳಿನದು ಒಂದು. ಎರಡನೆಯ ಕೊರಳ ಗಂಟು ಇರಲಿಲ್ಲ. ಅವಳು ಏನನ್ನೂ ಅಳೆದೇ ಇರಲಿಲ್ಲ.

ಬಟ್ಟೆ ಒದ್ದೆ ಮಾಡಿಕೊಂಡು ಅವಳು ಚಾಮರಧಾರಿಣಿಯ ಪಾದ ಒರೆಸತೊಡಗಿದಳು. ಒರೆಸುತ್ತ ಸಣ್ಣ ದನಿಯಲ್ಲಿ ಅವಳೊಡನೆ ಮಾತಾಡಿದಳು.

"ನಿನ್ನ ತಲಿ ಒಯ್ದಾರಂತವ್ವ. ದೀಪಾವಳಿ ಎಂಟು ದಿನ ಇದ್ದಾಗ ಪೆಟ್ಟಿಗ್ಯಾಗ ಹಾಕಿ ಪ್ರದರ್ಶನಕ್ಕಂತ ಹೊರದೇಶಕ್ಕ ಕಳಿಸ್ಯಾರಂತ. ಯಾವಾಗ ಬರತೈತೋ ಅಲ್ಲಿಯವರಿಗೂ ಗೊತ್ತಿಲ್ಲ. ನಾವು ಈಚಿ ದಂಡಿಗೆ ಕುಂತಾಗ ನೀ ಅಲ್ಲೇ ಇದ್ದಿ." ಬಟ್ಟೆ ಹಿಂಡಿದಳು. "ಅಲ್ಲಿ ಕಾಯೋ ಅಣ್ಣ ಹೇಳಿದ, ನೀ ನಗತಿದ್ದಿ ಅಂತ. ಕಿವ್ಯಾಗ ಹೂವಿನ ವಾಲಿ ಅದಾವಂತ. ನಾ ಅಷ್ಟ ಕೇಳ್ಕೊಂಡು ಬಂದೆ. ಅವರಿಗೆ ಹೇಳಬ್ಯಾಡ."

ಅವಳು ಕೊರಳ ತನಕ ಒರೆಸಿ, ಅದರ ಮೇಲಿನ ಖಾಲಿ ಜಾಗದಲ್ಲಿ ಒಂದು ಕ್ಷಣ ಕೈ ಇಟ್ಟು, ಮುಂದಿನ ಕೋಣೆಗೆ ಹೋದಳು.

ನಿವೃತ್ತಿಯ ಮುಂಚೆ ಅವರು ಬಾದಾಮಿಗೆ ಹೋಗಿ ಬಂದರು. ಅಲ್ಲಿ ಮುಖವಿರುವ ವಿಗ್ರಹಗಳನ್ನು ಕಣ್ತುಂಬ ನೋಡಿದರು. ಸೇತುವೆ ಬಂದಲ್ಲೆಲ್ಲ ಅಡಿವೆಪ್ಪ ನನ್ನನ್ನು ಮಡಿಚಿ ಕಿಸೆಯಲ್ಲಿಟ್ಟು, ತಾನೇ ಇಳಿದು ಜನರನ್ನು ಕೇಳಿದ. ಕೊನೆಯ ದಿನ ಹಾರ ಹಾಕಿಸಿಕೊಂಡು, ಡ್ರಾವರಿನ ಕೀಲಿ ಒಪ್ಪಿಸಿ ಇಬ್ಬರೂ ಹೊರಟುಹೋದರು. ನಾನು ಒಳಗೇ ಉಳಿದೆ. ಮರೆತರೋ, ಬೇಕೆಂದೇ ಬಿಟ್ಟರೋ ಗೊತ್ತಿಲ್ಲ. ದಾರ ನನ್ನ ಮಡಿಕೆಯಲ್ಲಿಯೇ ಇದೆ.

ಈಗಿನ ಕಾವಲುಗಾರನಿಗೆ ದಾರಿ ಹೇಳಲು ಫೋನು ಇದೆ. ನನ್ನ ಮಡಿಕೆಗಳು ಸವೆದು, ಬೆಳಕು ತೂರುವಷ್ಟು ತೂತಾಗಿವೆ. ಮ್ಯೂಸಿಯಂನಲ್ಲಿದ್ದೇನೆ ನಿಜ, ಆದರೆ ನನಗೆ ಕಾರ್ಡಿಲ್ಲ, ಗಾಜಿಲ್ಲ, ನೋಡುವವರಿಲ್ಲ. ಸೋಮವಾರಗಳು ಬಹಳ ಉದ್ದ. ಬಾಗಿಲು, ಕಿಟಕಿ ಎಲ್ಲ ಮುಚ್ಚಿ, ಒಳಗೆ ನಾವಿಬ್ಬರೇ: ತಲೆಯಿಲ್ಲದ ಅವಳು, ಬಾಯಿಯಿಲ್ಲದ ನಾನು. ಅವಳು ನಗುತ್ತಾಳೆ ಎಂಬುದು ಈ ಕಟ್ಟಡದಲ್ಲಿ ನನಗೊಬ್ಬನಿಗೇ ಗೊತ್ತು.

ಕಾರ್ಡಿನ ಮೇಲೆ ಇವತ್ತಿಗೂ "ತಲೆ ಸಿಕ್ಕಿಲ್ಲ" ಎಂದೇ ಇದೆ. ಬಂದವರು ಬಗ್ಗಿ ಓದುತ್ತಾರೆ, ತಲೆಯಾಡಿಸುತ್ತಾರೆ, ಮುಂದೆ ಹೋಗುತ್ತಾರೆ. ಅಚ್ಚು ಹಾಕಿದ್ದಲ್ಲವೇ, ನಂಬುತ್ತಾರೆ.